ಸಿಯಾಲ್ದಾದ ಪಾಳಿ ಕಾಲೇಜುಗಳು

ಕೋಲ್ಕತ್ತದ ಸಿಯಾಲ್ದಾ ರೈಲು ನಿಲ್ದಾಣದ ಆಸುಪಾಸಿನಲ್ಲಿರುವ, ಆವರಣಗಳನ್ನು ಹೊತ್ತಿನ ಲೆಕ್ಕದಲ್ಲಿ ಹಂಚಿಕೊಂಡಿರುವ ಪದವಿ ಕಾಲೇಜುಗಳು. ಎಲ್ಲವೂ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಸೇರಿವೆ.

ಹಿನ್ನೆಲೆ: ಸುರೇಂದ್ರನಾಥ ಬ್ಯಾನರ್ಜಿ 1884ರಲ್ಲಿ ಕಟ್ಟಿದ ಸಂಸ್ಥೆ ರಿಪನ್ ಕಾಲೇಜಾಗಿ ಬೆಳೆದು, ಸ್ವಾತಂತ್ರ್ಯದ ನಂತರ ಅವರ ಹೆಸರನ್ನೇ ಪಡೆಯಿತು. ಕೃಷಿತಜ್ಞ ಗಿರೀಶಚಂದ್ರ ಬೋಸ್ 1887ರಲ್ಲಿ ಬಂಗಬಾಸಿ ಕಾಲೇಜು ಸ್ಥಾಪಿಸಿದರು. 1947ರ ವಿಭಜನೆಯ ಬಳಿಕ ಪೂರ್ವ ಬಂಗಾಳದ ನಿರಾಶ್ರಿತರು ಸಿಯಾಲ್ದಾದಲ್ಲಿ ಬಂದಿಳಿದರು. ನಗರದ ಕಾಲೇಜುಗಳು ತುಂಬಿ ತುಳುಕಿದವು. ಮುಂದೆ ಈ ಎರಡೂ ಕಾಲೇಜುಗಳ ಬೆಳಗಿನ ಹಾಗೂ ಸಂಜೆಯ ವಿಭಾಗಗಳು ಪ್ರತ್ಯೇಕ ಕಾಲೇಜುಗಳಾದವು.

ವ್ಯವಸ್ಥೆ: ಬೆಳಗಿನ ತರಗತಿಯವರು ಎದ್ದ ಬೆಂಚಿನಲ್ಲೇ ಹಗಲಿನವರು ಕೂರುತ್ತಾರೆ; ದೀಪ ಹತ್ತಿದ ಮೇಲೆ ದುಡಿದು ಬಂದವರಿಗೂ ಅಲ್ಲೇ ಪಾಠ. ಜಾಗ ಒಂದಾದರೂ ಪ್ರಾಂಶುಪಾಲರು, ಆಡಳಿತ ಬೇರೆ ಬೇರೆ. ಕಟ್ಟಡದ ಖರ್ಚು ಹಂಚಿಹೋಗುತ್ತದೆ, ಕಚೇರಿಯ ಖರ್ಚು ಹಾಗಲ್ಲ.

ಕೇಂದ್ರೀಕರಣ: ಕಚೇರಿ ಕೆಲಸವನ್ನೂ ಒಂದುಗೂಡಿಸುವ ಯತ್ನ ಈಚಿನದು. ಪಶ್ಚಿಮ ಬಂಗಾಳವು 2024ರಲ್ಲಿ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಪದವಿ ಪ್ರವೇಶಕ್ಕೆ ಒಂದೇ ಪೋರ್ಟಲ್ ತೆರೆಯಿತು. ಕರ್ನಾಟಕ 2021ರಲ್ಲಿ ಪ್ರವೇಶದಿಂದ ಅಂಕಪಟ್ಟಿಯವರೆಗಿನ ಕೆಲಸಕ್ಕೆ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಏಕೀಕೃತ ನಿರ್ವಹಣಾ ವ್ಯವಸ್ಥೆಯನ್ನು (ಯುಯುಸಿಎಂಎಸ್) ಜಾರಿಗೆ ತಂದಿತು. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ 3 ವರ್ಷಕ್ಕೆ 6,000 ಕೋಟಿ ರೂಪಾಯಿಯಲ್ಲಿ ಸುಮಾರು 13,000 ನಿಯತಕಾಲಿಕೆಗಳನ್ನು ಒದಗಿಸುತ್ತದೆ.

ಮಹತ್ವ: ಚಂದಾ, ಖರೀದಿ, ಲೆಕ್ಕಪತ್ರ ಒಂದೆಡೆ ನಡೆದರೆ ಹಣ ಉಳಿಯುತ್ತದೆ. ಆದರೆ ವಿದ್ಯಾರ್ಥಿಯ ಅಹವಾಲು ಕೇಳುವ ಕಿಟಕಿ ಕಾಲೇಜಿನಲ್ಲೇ ಇರಬೇಕು; ಉಳಿದ ಹಣ ತರಗತಿಗೇ ಮರಳಬೇಕು.