ಡಾಕ್ಟರಾಗುತ್ತೇನೆಂದ ಹುಡುಗನಿಗೆ ಕೋಳಿ ಸಾಕಲು ಹೇಳಿದವರು

ಹತ್ತೊಂಬತ್ತು ವರ್ಷದ ಹುಡುಗ. ಬಡಕಲು ಮೈ, ಒಳಸೇರಿದ ಕೆನ್ನೆ, ಕಳೆಯಿಲ್ಲದ ಮುಖ. ಒಂದು ಗಂಟೆಗೂ ಹೆಚ್ಚು ಹೊತ್ತು ಕೂತು ಮಾತಾಡಿದರೂ ಒಮ್ಮೆಯೂ ನಗಲಿಲ್ಲ. ಡಾಕ್ಟರಾಗಬೇಕು ಎಂದ. ಎದುರು ಕೂತಿದ್ದ ಹಿರಿಯರು ಅವನ ಆರೋಗ್ಯ, ಓದು, ಜನರೊಡನೆ ಬೆರೆಯುವ ರೀತಿ ಎಲ್ಲವನ್ನೂ ಒಂದೊಂದಾಗಿ ಕೇಳಿದರು. ಆಮೇಲೆ, ವೈದ್ಯನ ಮುಖ ಕಂಡರೆ ರೋಗಿಗೆ ಹಿತವಾಗಬೇಕಲ್ಲವೇ ಎಂಬರ್ಥದಲ್ಲಿ ಮಾತು ತೆಗೆದು, ಹೈನುಗಾರಿಕೆ, ಕೋಳಿ ಸಾಕಣೆ, ತರಕಾರಿ ತೋಟದಂಥ ಬಯಲಿನ ಕೆಲಸ ನಿನಗೆ ಒಗ್ಗಬಹುದು, ಹೋಗಿ ನೋಡು ಎಂದರು.

ಇದು ನಡೆದದ್ದು ಅಮೆರಿಕದ ಬಾಸ್ಟನ್ನಿನಲ್ಲಿ, 1908ರ ಆಸುಪಾಸಿನಲ್ಲಿ. ಆ ಹಿರಿಯರ ಹೆಸರು ಫ್ರಾಂಕ್ ಪಾರ್ಸನ್ಸ್. ನಮ್ಮ ಧಾರವಾಡದಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಹುಡುಗನ ಅಪ್ಪ ಸೀದಾ ಕಾಲೇಜಿನ ಗೇಟಿಗೇ ಬಂದು ಜಗಳ ತೆಗೆಯುತ್ತಿದ್ದ. ಮನಃಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು ನಾನು, ಅಂಥ ಜಗಳ ಕಂಡಿದ್ದೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಈಗಲೂ ಯಾರಾದರೊಬ್ಬರು ಬಣ್ಣದ ವರದಿಯೊಂದನ್ನು ಹಿಡಿದು ಮನೆಗೆ ಬರುತ್ತಾರೆ. "ಮೇಡಂ, ಹುಡುಗಂದು ಟೆಸ್ಟ್ ಮಾಡ್ಸೇವ್ರಿ. ಸೈನ್ಸ್ ಬ್ಯಾಡ ಅಂತ ಬಂದದ. ಏನ್ ಮಾಡೂಣ್ರಿ?" ಆ ವರದಿಯ ಮುತ್ತಜ್ಜ ಈ ಪಾರ್ಸನ್ಸ್. ಅಜ್ಜಂದಿರು ಮಾತ್ರ ಬೇರೆಯವರು, ಅವರ ಸ್ವಭಾವವೂ ಬೇರೆ.

ಪಾರ್ಸನ್ಸ್ ಅವರ ಬಾಳೇ ಒಂದು ಉದ್ಯೋಗ ಮೇಳ. ಕಾರ್ನೆಲ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ ರೈಲು ಕಂಪನಿಗೆ ಸೇರಿದರು. 1873ರ ಆರ್ಥಿಕ ಕುಸಿತದಲ್ಲಿ ಕಂಪನಿ ಮುಳುಗಿತು. ಕಬ್ಬಿಣದ ಕಾರ್ಖಾನೆಯಲ್ಲಿ ಕೂಲಿ ಮಾಡಿದರು, ಶಾಲಾ ಮಾಸ್ತರಾದರು, ವಕೀಲಿ ಪರೀಕ್ಷೆ ಪಾಸಾದರು, ಕಾನೂನು ಕಲಿಸಿದರು, ಬಾಸ್ಟನ್ ಮೇಯರ್ ಚುನಾವಣೆಗೆ ನಿಂತು ಸೋತರು. ಐವತ್ತು ದಾಟಿದ ಮೇಲೆ, ಇಟಲಿ ಮತ್ತು ಪೂರ್ವ ಯುರೋಪಿನಿಂದ ವಲಸೆ ಬಂದವರೇ ತುಂಬಿದ್ದ ನಾರ್ತ್ ಎಂಡ್ ಬಡಾವಣೆಯ ಸಿವಿಕ್ ಸರ್ವಿಸ್ ಹೌಸ್ ಎಂಬ ಸೇವಾಕೇಂದ್ರದಲ್ಲಿ, 1908ರ ಜನವರಿಯಲ್ಲಿ ಒಂದು ವೃತ್ತಿ ಸಲಹಾ ಕಚೇರಿ ತೆರೆದರು. ಹಣ ಕೊಟ್ಟವರು ಪಾಲಿನ್ ಅಗಾಸಿ ಶಾ ಎಂಬ ದಾನಿ. ಮೇ ತಿಂಗಳ ಹೊತ್ತಿಗೆ 80 ಮಂದಿ ಬಂದು ಹೋಗಿದ್ದರು. ಅವರಲ್ಲಿ ಅತಿ ಕಿರಿಯರಿಗೆ 15 ವರ್ಷ, ಅತಿ ಹಿರಿಯರಿಗೆ 72. ಎಪ್ಪತ್ತೆರಡರಲ್ಲಿ ಕೆಲಸದ ಸಲಹೆ ಕೇಳಲು ಬಂದವರ ಮೇಲೆ ನನಗೆ ಬಹಳ ಗೌರವ.

ಅವರ ಪ್ರಶ್ನಾವಳಿಯಲ್ಲಿ ನೂರಕ್ಕೂ ಮೇಲೆ ಪ್ರಶ್ನೆಗಳಿದ್ದವು. ಸಂಜೆ ಹೇಗೆ ಕಳೆಯುತ್ತೀ, ಏನು ಓದುತ್ತೀ, ಹಣ ಉಳಿಸುತ್ತೀಯಾ, ಸ್ನಾನ ಮಾಡುತ್ತೀಯಾ, ಎದುರಿನವರನ್ನು ಕಣ್ಣಿಟ್ಟು ನೋಡಿ ಮಾತಾಡುತ್ತೀಯಾ. ಕನ್ನಡಿಯ ಮುಂದೆ ನಿಂತು ನಿನ್ನನ್ನು ನೀನೇ ನೋಡಿಕೋ, ನಿನ್ನ ಕುಂದುಕೊರತೆ ಏನೆಂದು ಸ್ನೇಹಿತರನ್ನು ಕೇಳು ಎಂದೂ ಹೇಳುತ್ತಿದ್ದರು. ಹುಡುಗ ಉತ್ತರ ಹೇಳುತ್ತಿರುವಾಗ ಅವನ ತಲೆಯ ಆಕಾರವನ್ನೂ ಗಮನಿಸುತ್ತಿದ್ದರು: ಕಿವಿಯ ಮುಂದೆ ಎಷ್ಟು, ಹಿಂದೆ ಎಷ್ಟು, ಮೇಲೆ ಎಷ್ಟು ಬೆಳೆದಿದೆ ಎಂದು. ಇದನ್ನು ಅವರೇ ತಮ್ಮ ಪುಸ್ತಕದಲ್ಲಿ ಸಂಕೋಚವಿಲ್ಲದೆ ಬರೆದಿದ್ದಾರೆ.

ಬುರುಡೆ ನೋಡಿ ಗುಣ ಹೇಳುವ ಆ ವಿದ್ಯೆ ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ದೊಡ್ಡ ವ್ಯಾಪಾರವಾಗಿತ್ತು. ಫೌಲರ್ ಸೋದರರು ನ್ಯೂಯಾರ್ಕಿನಲ್ಲಿ ಅಂಗಡಿಯಿಟ್ಟು, ಹಣ ಪಡೆದು, ತಲೆ ತಡವಿ, ಯಾರಿಗೆ ಯಾವ ಕಸುಬು ಎಂದು ಹೇಳುತ್ತಿದ್ದರು. ಅವರಲ್ಲಿ ಲೊರೆಂಜೊ ಫೌಲರ್ ಮ್ಯಾಸಚೂಸೆಟ್ಸಿನ ಒಂದು ಮನೆಯಲ್ಲಿ ತಂಗಿದ್ದಾಗ ಮನೆಯವರು, ಈ ಹುಡುಗಿಗೆ ಬಹಳ ನಾಚಿಕೆ, ಏನು ಮಾಡುವುದು ಎಂದು ಕೇಳಿದರು. ಹೊಣೆ ಹೊರಿಸಿ, ಶಾಲೆಯಲ್ಲಿ ಪಾಠ ಹೇಳಲು ಹಚ್ಚಿ ಎಂದ. ಆ ಹುಡುಗಿ ಕ್ಲಾರಾ ಬಾರ್ಟನ್. ಮೊದಲು ಟೀಚರಾದಳು, 1881ರಲ್ಲಿ ಅಮೆರಿಕದ ರೆಡ್ ಕ್ರಾಸ್ ಕಟ್ಟಿದಳು. ಬುರುಡೆಶಾಸ್ತ್ರ ಪೂರ್ತಿ ಸುಳ್ಳು, ಸಲಹೆ ಮಾತ್ರ ಸುಳ್ಳಾಗಲಿಲ್ಲ. ಆತ ಆ ಮನೆಯಲ್ಲಿ ಉಳಿದು ಹುಡುಗಿಯನ್ನು ಕಣ್ಣಾರೆ ಕಂಡಿದ್ದ ಎಂಬುದೇ ಅದಕ್ಕೆ ಕಾರಣ ಎಂದು ನನ್ನ ನಂಬಿಕೆ. ನಮ್ಮ ಹಳೆಯ ಜೋಯಿಸರ ವಿಷಯವೂ ಹೀಗೆಯೇ ಇತ್ತೇನೋ. ಜಾತಕದ ಹತ್ತನೇ ಮನೆ ಕರ್ಮಸ್ಥಾನ, ಉದ್ಯೋಗ ಹೇಳುವ ಮನೆ. ಆದರೆ ಊರಿನ ಜೋಯಿಸರಿಗೆ ಹುಡುಗನೂ ಗೊತ್ತು, ಹುಡುಗನ ಅಪ್ಪನ ಸಾಲವೂ ಗೊತ್ತು.

ಪಾರ್ಸನ್ಸ್ ತಮ್ಮ ಪುಸ್ತಕ ಅಚ್ಚಾದದ್ದನ್ನು ಕಾಣಲಿಲ್ಲ. 1908ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು, ಪುಸ್ತಕ ಬಂದದ್ದು 1909ರಲ್ಲಿ. ನಿನ್ನನ್ನು ನೀನು ತಿಳಿ, ಕೆಲಸಗಳನ್ನು ತಿಳಿ, ಎರಡನ್ನೂ ಹೊಂದಿಸಿ ಯೋಚಿಸು. ಅವರು ಹೇಳಿದ್ದು ಇಷ್ಟು. ಮುಂದಿನವರು ಇದರಲ್ಲಿ ಮೊದಲನೆಯದನ್ನು ಮಾತ್ರ ಎತ್ತಿಕೊಂಡು ಯಂತ್ರಕ್ಕೆ ಹಾಕಿದರು.

ಯಂತ್ರ ಬೇಕಾದದ್ದು ಸೈನ್ಯಕ್ಕೆ. ಮೊದಲ ಮಹಾಯುದ್ಧದಲ್ಲಿ ಶೆಲ್ಲಿನ ಸದ್ದಿಗೆ ಮನಸ್ಸು ಕೆಡುವ ಸಿಪಾಯಿಗಳನ್ನು ಮೊದಲೇ ಗುರುತಿಸಬೇಕೆಂದು ಅಮೆರಿಕದಲ್ಲಿ ರಾಬರ್ಟ್ ವುಡ್‌ವರ್ತ್ 116 ಪ್ರಶ್ನೆಗಳ ಹಾಳೆ ಮಾಡಿದರು. ಎಲ್ಲಕ್ಕೂ ಹೌದು ಅಥವಾ ಅಲ್ಲ, ಅಷ್ಟೇ. ಹಾಳೆ ಸಿದ್ಧವಾಗುವಷ್ಟರಲ್ಲಿ ಯುದ್ಧ ಮುಗಿಯಿತು. ಆದರೆ ಸ್ವಭಾವವನ್ನು ಟಿಕ್ ಹಾಕಿಸಿ ಅಳೆಯಬಹುದು ಎಂಬ ಕಲ್ಪನೆ ಉಳಿಯಿತು.

ಎಡ್ವರ್ಡ್ ಸ್ಟ್ರಾಂಗ್ 1927ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ತಂದ ಆಸಕ್ತಿ ಪರೀಕ್ಷೆ ಇವುಗಳಲ್ಲೆಲ್ಲ ಜಾಣತನದ್ದು. ನೀನು ಎಂಥವನು ಎಂದು ಅದು ನೇರವಾಗಿ ಕೇಳುವುದಿಲ್ಲ. ನಾನೂರಕ್ಕೂ ಹೆಚ್ಚು ವಿಷಯಗಳನ್ನು ಮುಂದಿಟ್ಟು ಇಷ್ಟ, ಇಷ್ಟವಿಲ್ಲ, ಎರಡೂ ಅಲ್ಲ ಎಂದು ಗುರುತು ಹಾಕಿಸುತ್ತದೆ. ಆಮೇಲೆ ನಿನ್ನ ಇಷ್ಟಗಳು ವಕೀಲರ ಇಷ್ಟಗಳಿಗೆ ಹೋಲುತ್ತವೆಯೇ, ಎಂಜಿನಿಯರುಗಳದಕ್ಕೆ ಹೋಲುತ್ತವೆಯೇ ಎಂದು ತಾಳೆ ನೋಡುತ್ತದೆ. ಲೆಕ್ಕ ಗಟ್ಟಿ. ಆದರೆ ನಮೂನೆಗಳು ಎರಡಿದ್ದವು: ಗಂಡಸರದು ನೀಲಿ, 1933ರಲ್ಲಿ ಬಂದ ಹೆಂಗಸರದು ಗುಲಾಬಿ. ಗುಲಾಬಿ ಹಾಳೆ ತುಂಬಿದವಳಿಗೆ ಸಿಗುತ್ತಿದ್ದ ಉತ್ತರಗಳಲ್ಲಿ ನರ್ಸ್, ಸೆಕ್ರೆಟರಿ, ಗೃಹಿಣಿ ಎಲ್ಲ ಇದ್ದವು. ಎರಡೂ ಒಂದಾದದ್ದು 1974ರಲ್ಲಿ, ಅದೂ ಹೆಂಗಸರು ಗಲಾಟೆ ಮಾಡಿದ ಮೇಲೆ. ತರಗತಿಯಲ್ಲಿ ಈ ಕಥೆ ಹೇಳಿದಾಗಲೆಲ್ಲ ಹುಡುಗಿಯರು ನಗುತ್ತಿದ್ದರು. "ನಮ್ಮನ್ಯಾಗ ಹಾಳೀನೂ ಬೇಕಾಗಿಲ್ರಿ ಮೇಡಂ" ಎಂದಳೊಬ್ಬಳು.

ಸ್ವಭಾವವನ್ನು ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಹೇಳುವ, ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಪರೀಕ್ಷೆ ಮಾಡಿದವರು ಮನಃಶಾಸ್ತ್ರಜ್ಞರಲ್ಲ. ಒಬ್ಬ ತಾಯಿ, ಒಬ್ಬ ಮಗಳು. ತಾಯಿ ಕ್ಯಾಥರಿನ್ ಬ್ರಿಗ್ಸ್, ಮಗಳು ಇಸಾಬೆಲ್ ಮೈಯರ್ಸ್. ಮಗಳು ಆರಿಸಿಕೊಂಡ ವರ ಮನೆಯವರ ಸ್ವಭಾವಕ್ಕಿಂತ ತೀರ ಬೇರೆಯಾಗಿದ್ದ. ಮನುಷ್ಯರು ಯಾಕೆ ಹೀಗೆ ಬೇರೆ ಬೇರೆ ಎಂದು ತಾಯಿ ತಲೆ ಕೆಡಿಸಿಕೊಂಡಳು. 1923ರಲ್ಲಿ ಮನೋವೈದ್ಯ ಕಾರ್ಲ್ ಯೂಂಗ್‌ರ ವ್ಯಕ್ತಿಮಾದರಿಗಳ ಪುಸ್ತಕ ಇಂಗ್ಲಿಷಿಗೆ ಬಂದಾಗ ಅದನ್ನು ಹಗಲಿರುಳು ಓದಿದಳು. ಇಸಾಬೆಲ್ ಓದಿದ್ದು ರಾಜ್ಯಶಾಸ್ತ್ರ, ಬರೆದದ್ದು ಪತ್ತೇದಾರಿ ಕಾದಂಬರಿ. ಎರಡನೇ ಮಹಾಯುದ್ಧದಲ್ಲಿ ಜನ ತಮಗೊಗ್ಗದ ಕೆಲಸಕ್ಕೆ ಸಿಕ್ಕಿಬಿದ್ದಿದ್ದಾರೆ ಎನ್ನಿಸಿ, ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಎಂಬ ಸಣ್ಣ ಊರಿನ ಮನೆಯಲ್ಲಿ ಕೂತು ಪ್ರಶ್ನೆ ಬರೆಯತೊಡಗಿದಳು. ಪರೀಕ್ಷೆಗಳ ಒಳಗುಟ್ಟು ಕಲಿಯಲು ಫಿಲಡೆಲ್ಫಿಯಾದ ಬ್ಯಾಂಕೊಂದರಲ್ಲಿ ಸಿಬ್ಬಂದಿ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಹೇ ಬಳಿ ಹೋದಳು. ತನ್ನ ಮಕ್ಕಳ ಸಹಪಾಠಿಗಳ ಮೇಲೆ ಪ್ರಯೋಗಿಸಿದಳು, ಮುಂದೆ 5 ಸಾವಿರಕ್ಕೂ ಹೆಚ್ಚು ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ. ಈ ಹಟಕ್ಕೆ ಕೈ ಮುಗಿಯಬೇಕು. ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್ ಎಂಬ ಪರೀಕ್ಷಾ ಸಂಸ್ಥೆ 1962ರಲ್ಲಿ ಅದನ್ನು ಸಂಶೋಧನೆಗೆಂದು ಮಾತ್ರ ಪ್ರಕಟಿಸಿತು. ಒಳಗಿನ ಸಂಖ್ಯಾಶಾಸ್ತ್ರಜ್ಞರಿಗೆ ಅದರ ಮೇಲೆ ಭರವಸೆ ಇರಲಿಲ್ಲ. 1975ರಲ್ಲಿ ಬೇರೆ ಪ್ರಕಾಶಕರ ಕೈ ಸೇರಿ ಅದು ವ್ಯಾಪಾರವಾಗಿ ಬೆಳೆಯಿತು.

ಅದರ ದೋಷ ಗೆರೆ ಎಳೆಯುವುದರಲ್ಲಿದೆ. ಹೆಚ್ಚು ಜನರ ಅಂಕ ನಡುವೆಯೇ ಬೀಳುತ್ತದೆ, ಪರೀಕ್ಷೆ ಆ ನಡುವಿಗೇ ಗೆರೆ ಹಾಕಿ ಈಚೆಯವನು ಅಂತರ್ಮುಖಿ, ಆಚೆಯವನು ಬಹಿರ್ಮುಖಿ ಎನ್ನುತ್ತದೆ. ಮೊದಲೆಲ್ಲ ನಮ್ಮ ಬೋರ್ಡಿನಲ್ಲಿ 34 ಬಂದವನು ಫೇಲ್, 35 ಬಂದವನು ಪಾಸ್ ಆಗುತ್ತಿದ್ದ ಹಾಗೆ. ಒಂದು ತಿಂಗಳು ಬಿಟ್ಟು ಅದೇ ಪರೀಕ್ಷೆ ಬರೆದರೆ ಅನೇಕರ ಅಕ್ಷರ ಬದಲಾಗುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯೊಂದು 1991ರಲ್ಲಿ, ವೃತ್ತಿ ಸಲಹೆಗೆ ಇದನ್ನು ಬಳಸುವುದಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ವ್ಯಾಪಾರ ನಿಲ್ಲಲಿಲ್ಲ. ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ ಆರು ಬಗೆಯ ಆಸಕ್ತಿಗಳ ಸಿದ್ಧಾಂತಕ್ಕೆ ಇದಕ್ಕಿಂತ ಬಲವಾದ ಆಧಾರವಿದೆ. ಅದೂ ಹುಟ್ಟಿದ್ದು ಸೈನ್ಯದಲ್ಲೇ: ಯುದ್ಧಕಾಲದಲ್ಲಿ ಭರ್ತಿಗೆ ಬಂದವರ ಹಿಂದಿನ ಕೆಲಸಗಳನ್ನು ಬರೆದುಕೊಳ್ಳುತ್ತಿದ್ದಾಗ ಆತನಿಗೆ ಅದು ಹೊಳೆಯಿತು.

ನಮ್ಮಲ್ಲಿಗೂ ವ್ಯಕ್ತಿತ್ವ ಪರೀಕ್ಷೆ ಬೂಟು ಹಾಕಿಕೊಂಡೇ ಬಂತು. ಜರ್ಮನ್ ಸೈನ್ಯ ಅಧಿಕಾರಿಗಳನ್ನು ಆರಿಸುತ್ತಿದ್ದ ಕ್ರಮವನ್ನು ನೋಡಿ ಬ್ರಿಟಿಷರು 1942ರಲ್ಲಿ ತಮ್ಮ ಮಂಡಳಿಗಳನ್ನು ಕಟ್ಟಿದರು, 1943ರಲ್ಲಿ ಡೆಹ್ರಾಡೂನಿನಲ್ಲಿ ಪ್ರಯೋಗ ಶುರುವಾಯಿತು. ಅದೇ ಇಂದು ಸೈನ್ಯದ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ, ಅದರ ದಕ್ಷಿಣದ ಕೇಂದ್ರ ಬೆಂಗಳೂರಿನಲ್ಲಿದೆ. ಚಿತ್ರ ತೋರಿಸಿ ಕಥೆ ಬರೆಸುತ್ತಾರೆ. ಒಂದಾದ ಮೇಲೊಂದು 60 ಪದ ತೋರಿಸುತ್ತಾರೆ, ಒಂದಕ್ಕೆ 15 ಸೆಕೆಂಡು, ಮನಸ್ಸಿಗೆ ಬಂದದ್ದನ್ನು ಬರೆಯಬೇಕು. ಹೋಗಿಬಂದ ನನ್ನ ವಿದ್ಯಾರ್ಥಿಯೊಬ್ಬ ಹೇಳಿದ: "ಬರೀಲಿಕ್ಕ ಟೈಮ್ ಇಲ್ರಿ ಮೇಡಂ, ವಿಚಾರ ಎಲ್ಲಿ ಮಾಡ್ತೀರಿ?" ವಿಚಾರ ಮಾಡಬಾರದೆಂದೇ ಆ 15 ಸೆಕೆಂಡು. ಆದರೂ ಅಲ್ಲಿ ಒಂದು ಒಳ್ಳೆಯ ಗುಣವಿದೆ. ಹಾಳೆಯೊಂದನ್ನೇ ನಂಬುವುದಿಲ್ಲ. ಮನಃಶಾಸ್ತ್ರಜ್ಞರು ಹಾಳೆ ಓದುತ್ತಾರೆ, ಇನ್ನೊಬ್ಬರು ಬಯಲಿನಲ್ಲಿ ಗುಂಪಿನೊಡನೆ ಹೇಗಿದ್ದಾನೆ ನೋಡುತ್ತಾರೆ, ಮತ್ತೊಬ್ಬರು ಕೂರಿಸಿ ಮಾತಾಡುತ್ತಾರೆ. ಎಲ್ಲ ಸೈನ್ಯದ ಅಗತ್ಯಕ್ಕೆ, ಹುಡುಗನಿಗೆ ಏನು ಒಳ್ಳೆಯದು ಎಂಬುದು ಅವರ ಪ್ರಶ್ನೆಯಲ್ಲ.

ಪರದೇಶದ ಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಹೊಂದಿಸುವುದು ಎಷ್ಟು ಕಷ್ಟವೆಂದು ತಿಳಿದಿದ್ದವರು ಈ ಸೀಮೆಯಲ್ಲೇ ಇದ್ದರು. ವಿ. ವಿ. ಕಾಮತ್ ಫ್ರೆಂಚರ ಬಿನೆ ಬುದ್ಧಿಮಾಪನವನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಬ್ರಿಟನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿದರು, 1940ರಲ್ಲಿ ಪುಸ್ತಕ ತಂದರು. ಬಿನೆ–ಕಾಮತ್ ಪರೀಕ್ಷೆಯನ್ನು ಇಂದೂ ಬಳಸುತ್ತಾರೆ. ಬುದ್ಧಿ ಅಳೆಯುವುದು ಬೇರೆ, ಸ್ವಭಾವ ಅಳೆಯುವುದು ಬೇರೆ ಎನ್ನುವುದು ನಿಜ. ಆದರೆ ಪ್ರಶ್ನೆ ಮಗುವಿನ ಊರಿನದಾಗಿರಬೇಕು ಎಂಬ ಕಾಮತರ ಎಚ್ಚರ ಎರಡಕ್ಕೂ ಸಲ್ಲುತ್ತದೆ.

ಕಳೆದ ಬೇಸಿಗೆಯಲ್ಲಿ ಬಂದ ಹುಡುಗನೊಬ್ಬನ ವರದಿಯನ್ನೇ ನೋಡಿ. ಅಪರಿಚಿತರಿರುವ ಪಾರ್ಟಿಗೆ ಹೋಗಲು ಇಷ್ಟವೇ, ಪಾರ್ಟಿಯಲ್ಲಿ ನೀನೇ ಮಾತು ಶುರುಮಾಡುತ್ತೀಯಾ ಎಂಬಂಥ ಪ್ರಶ್ನೆಗಳು. ನವಲಗುಂದದ ಕಡೆಯ ಹಳ್ಳಿ ಹುಡುಗ, ಪಾರ್ಟಿಗೆ ಹೋದವನೇ ಅಲ್ಲ. ಇಲ್ಲ, ಇಲ್ಲ ಎಂದು ಒತ್ತುತ್ತಾ ಹೋಗಿದ್ದ. ಅಂತರ್ಮುಖಿ ಎಂದು ಬಂತು, ಒಂಟಿಯಾಗಿ ಮಾಡುವ ಕೆಲಸ ಸೂಕ್ತ ಎಂದೂ ಬರೆದಿತ್ತು. ಊರಿನ ಜಾತ್ರೆಯಲ್ಲಿ ಏನು ಮಾಡುತ್ತೀ ಎಂದು ಕೇಳಿದೆ. ಕುಸ್ತಿ ಕಣದಲ್ಲಿ ಮೈಕ್ ಹಿಡಿದು ಜೋಡಿಗಳ ಹೆಸರು ಕೂಗುವವನು ಅವನೇ. ಕೊನೆಯ ಪುಟದ ಉದ್ಯೋಗ ಪಟ್ಟಿಯಲ್ಲಿ ಪಾರ್ಕ್ ರೇಂಜರ್ ಎಂದಿತ್ತು. ಹಾಗಂದರೆ ಫಾರೆಸ್ಟ್ ಗಾರ್ಡ್ ಏನ್ರಿ ಎಂದು ಅವನ ಅಪ್ಪ ಕೇಳಿದರು.

ಪ್ರೌಢಶಿಕ್ಷಣ ಕುರಿತ 1952–53ರ ಮುದಲಿಯಾರ್ ಆಯೋಗ ಪ್ರೌಢಶಾಲೆಗಳಲ್ಲಿ ತರಬೇತಿ ಪಡೆದ ಮಾರ್ಗದರ್ಶಕರಿರಬೇಕು ಎಂದು ಹೇಳಿತ್ತು, 1954ರಲ್ಲಿ ಅದಕ್ಕೆಂದೇ ದೆಹಲಿಯಲ್ಲಿ ಕೇಂದ್ರ ಬ್ಯೂರೋ ಆಯಿತು. ನಾನು ಬಲ್ಲ ಹಳ್ಳಿ ಶಾಲೆಗಳಲ್ಲಿ ಅಂಥವರೊಬ್ಬರನ್ನೂ ಕಂಡಿಲ್ಲ. ಮನುಷ್ಯರು ಕೂರಬೇಕಾದ ಕುರ್ಚಿಯಲ್ಲಿ ವರದಿ ಬಂದು ಕೂತಿದೆ. ವರದಿ ಎಂದೂ ಹುಡುಗನಿಗೆ ಕೋಳಿ ಸಾಕು ಎನ್ನುವುದಿಲ್ಲ, ಹಣ ಕೊಟ್ಟವರಿಗೆ ಬೇಸರವಾಗುತ್ತದೆ. ಪಾರ್ಸನ್ಸ್ ಸಲಹೆಯಲ್ಲಿ ತಪ್ಪಿರಬಹುದು, ತಲೆ ಅಳೆದದ್ದಂತೂ ಶುದ್ಧ ತಪ್ಪು. ಆದರೆ ಅವರು ಒಂದು ಗಂಟೆ ಕೂತಿದ್ದರು, ಹೋಗಿ ನೋಡು ಎಂದಿದ್ದರು.

ಆದ್ದರಿಂದ ಮಗಳಿಗೋ ಮಗನಿಗೋ ಪರೀಕ್ಷೆ ಮಾಡಿಸುವ ಮೊದಲು ಎರಡು ಮಾತು ಕೇಳಿ: ಫಲಿತಾಂಶ ಬಂದ ಮೇಲೆ ನಮ್ಮೊಡನೆ ಕೂತು ಮಾತಾಡುವವರು ಯಾರು, ಎಷ್ಟು ಹೊತ್ತು? ಪರೀಕ್ಷೆಯನ್ನು ಕನ್ನಡದ ಮಕ್ಕಳ ಮೇಲೆ ಪ್ರಯೋಗಿಸಿ ನೋಡಿದ್ದೀರಾ? ಸರಿಯಾದ ಉತ್ತರ ಸಿಗದಿದ್ದರೆ ದುಡ್ಡು ಉಳಿಸಿ. ಮಗು ಹೇಳುವ ಕೆಲಸ ಮಾಡುತ್ತಿರುವವರು ನಿಮ್ಮ ಊರಲ್ಲೋ ಪಕ್ಕದ ಊರಲ್ಲೋ ಇದ್ದೇ ಇರುತ್ತಾರೆ. ರಜೆಯಲ್ಲಿ ಒಂದು ವಾರ ಅವರ ಜೊತೆ ಕಳಿಸಿ.