ತಾಂತ್ರಿಕ ಚಿತ್ರಗಳಲ್ಲಿ ಭಾಗ ಗುರುತಿಸುವಿಕೆ

ಯಂತ್ರ, ದೇಹರಚನೆ, ವಿದ್ಯುತ್ ಮಂಡಲ ಮುಂತಾದವುಗಳ ಚಿತ್ರದಲ್ಲಿ ಭಾಗಗಳಿಗೆ ಹೆಸರು, ಅಕ್ಷರ ಅಥವಾ ಅಂಕಿ ಕೊಟ್ಟು, ಯಾವ ಗುರುತು ಯಾವ ಭಾಗದ್ದೆಂಬುದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸುವ ಪದ್ಧತಿ. ಕನ್ನಡ ಶಾಲೆಗಳಲ್ಲಿ ಓದಿದವರಿಗೆ ಇದು ವಿಜ್ಞಾನ ಪರೀಕ್ಷೆಯ ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂಬ ಪ್ರಶ್ನೆಯಿಂದಲೇ ಪರಿಚಿತ. ಅಲ್ಲಿ ವಿದ್ಯಾರ್ಥಿಗೆ ಎಷ್ಟು ಗೊತ್ತು ಎಂಬುದರ ಪರೀಕ್ಷೆ ನಡೆಯುತ್ತದೆ. ಕೈಪಿಡಿ, ಪಠ್ಯಪುಸ್ತಕ, ದುರಸ್ತಿ ಪುಸ್ತಕಗಳಲ್ಲಾದರೆ ಪರೀಕ್ಷೆಗೆ ಒಳಗಾಗುವವರು ಚಿತ್ರ ಬರೆದವರೇ. ಹೆಸರಿನಿಂದ ಭಾಗಕ್ಕೆ, ಭಾಗದಿಂದ ಹೆಸರಿಗೆ ಹೋಗಲು ಓದುಗರ ಕಣ್ಣು ಎಷ್ಟು ಅಲೆಯಬೇಕಾಗುತ್ತದೆ ಎಂಬುದೇ ಗುರುತಿನ ಗುಣವನ್ನು ಅಳೆಯುವ ಸರಿಯಾದ ಮಾನದಂಡ.

ಮುದ್ರಣಯುಗದ ಆರಂಭದ ಎರಡು ದೊಡ್ಡ ಪ್ರಯತ್ನಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅಚ್ಚಾದವು. 1543ರಲ್ಲಿ ಪ್ರಕಟವಾದ ಆಂಡ್ರಿಯಾಸ್ ವೆಸೇಲಿಯಸ್‌ನ ಅಂಗರಚನಾ ಗ್ರಂಥದಲ್ಲಿ ಮರದಚ್ಚಿನ ಚಿತ್ರಗಳ ಮೇಲೆ ಪುಟ್ಟ ಅಕ್ಷರಗಳನ್ನು ಕೂರಿಸಿ, ಅವುಗಳ ಅರ್ಥವನ್ನು ಪ್ರತ್ಯೇಕ ಸೂಚಿಯಲ್ಲಿ ಕೊಡಲಾಗಿತ್ತು. 1556ರಲ್ಲಿ, ಲೇಖಕ ತೀರಿಕೊಂಡ ಮರುವರ್ಷ, ಹೊರಬಂದ ಗಿಯೋರ್ಗಿಯಸ್ ಅಗ್ರಿಕೋಲನ ಗಣಿಗಾರಿಕೆಯ ಗ್ರಂಥದಲ್ಲಿ ನೀರೆತ್ತುವ ಯಂತ್ರ, ಕುಲುಮೆಗಳ ಇನ್ನೂರಕ್ಕೂ ಹೆಚ್ಚು ಚಿತ್ರಗಳಿದ್ದವು. ಅಲ್ಲಿಯೂ ಭಾಗಗಳ ಮೇಲೆ ಅಕ್ಷರ ಬರೆದು, ಅಕ್ಷರಗಳ ವಿವರವನ್ನು ಬೇರೆಯಾಗಿ ಕೊಟ್ಟ ಕ್ರಮವೇ ಇತ್ತು. ಈ ಕ್ರಮದಿಂದ ಚಿತ್ರದ ಅಂದ ಕೆಡುವುದಿಲ್ಲ, ನಿಜ. ಆದರೆ ವೆಸೇಲಿಯಸ್‌ನ ಚಿತ್ರಗಳ ದಟ್ಟ ನೆರಳುಗೆರೆಗಳ ನಡುವೆ ಒಂದು ಸಣ್ಣ ಅಕ್ಷರವನ್ನು ಹುಡುಕಿ, ಸೂಚಿ ನೋಡಿ, ಮತ್ತೆ ಚಿತ್ರಕ್ಕೆ ಮರಳುವಷ್ಟರಲ್ಲಿ ಓದುಗ ಹೊರಟ ಜಾಗವನ್ನೇ ಮರೆತಿರುತ್ತಾನೆ.

ಈ ತೊಡಕನ್ನು ದಿಟ್ಟವಾಗಿ ಬಿಡಿಸಿದ್ದು 1858ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಗ್ರೇಸ್ ಅನಾಟಮಿ’. ಪಠ್ಯ ಹೆನ್ರಿ ಗ್ರೇಯದು. 363 ಚಿತ್ರಗಳು ಹೆನ್ರಿ ವ್ಯಾಂಡೈಕ್ ಕಾರ್ಟರನ ಕೆಲಸ. ಕಾರ್ಟರ್ ಸ್ನಾಯುವಿನ ಹೆಸರನ್ನು ಸ್ನಾಯುವಿನ ಮೇಲೆಯೇ, ಅದರ ಎಳೆಗಳು ಸಾಗುವ ದಿಕ್ಕಿನಲ್ಲಿಯೇ ಬರೆದ; ಧಮನಿಯ ಹೆಸರು ಧಮನಿಯ ಜೊತೆಗೇ ಬಾಗಿ ಹರಿಯಿತು. ಹೆಸರನ್ನೂ ಆಕಾರವನ್ನೂ ಒಂದೇ ನೋಟದಲ್ಲಿ ಹಿಡಿಯಬಹುದಾಯಿತು. ಆ ಪುಸ್ತಕ ತಲೆಮಾರುಗಳ ಕಾಲ ವೈದ್ಯ ವಿದ್ಯಾರ್ಥಿಗಳ ಕೈಯಲ್ಲಿ ಉಳಿದದ್ದರಲ್ಲಿ ಈ ಬರವಣಿಗೆಯ ಪಾಲು ದೊಡ್ಡದು. ಕಾರ್ಟರ್ ಅದೇ ವರ್ಷ ಮುಂಬಯಿಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದ, ಮುಂದೆ ಕುಷ್ಠ ಮತ್ತು ಮದುರಾ ಪಾದ ರೋಗಗಳನ್ನು ಅಧ್ಯಯನ ಮಾಡಿದ. ಆದರೂ ಪುಸ್ತಕ ಗ್ರೇಯ ಹೆಸರಿನಿಂದಲೇ ಪ್ರಸಿದ್ಧವಾಯಿತು.

ಕಾರ್ಟರ್ ಕೈಯಿಂದ ಮಾಡಿ ತೋರಿಸಿದ್ದಕ್ಕೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಪ್ರಯೋಗಗಳ ಬೆಂಬಲ ದೊರೆಯಿತು. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಸಹೋದ್ಯೋಗಿಗಳು, ವಿವರಣೆಯನ್ನು ಚಿತ್ರದಿಂದ ದೂರವಿಟ್ಟರೆ ಗಮನ ಇಬ್ಭಾಗವಾಗಿ ಕಲಿಕೆ ಕುಂದುತ್ತದೆ, ಆಯಾ ಭಾಗದ ಪಕ್ಕದಲ್ಲೇ ಇಟ್ಟರೆ ಸುಧಾರಿಸುತ್ತದೆ ಎಂದು ತೋರಿಸಿದರು. ಅವರ ಇನ್ನೊಂದು ನಿರ್ಣಯವೂ ಇಷ್ಟೇ ಮುಖ್ಯ: ತಾನಾಗಿಯೇ ಅರ್ಥವಾಗುವ ಚಿತ್ರಕ್ಕೆ ಅದನ್ನೇ ಮತ್ತೆ ಹೇಳುವ ಮಾತು ಸೇರಿಸಿದರೆ ಅದು ಓದುಗರಿಗೆ ಹೊರೆಯೇ ಆಗುತ್ತದೆ. ಪಠ್ಯದಲ್ಲಿ ಎಲ್ಲೂ ಬಾರದ ಭಾಗಕ್ಕೂ ಹೆಸರು ಬರೆಯುವ ಆಸೆಯನ್ನು ಆದ್ದರಿಂದ ಬಿಡಬೇಕು.

ಹಾಗೆಂದು ಅಕ್ಷರ, ಅಂಕಿಗಳ ಕ್ರಮ ಎಲ್ಲೆಡೆ ತಪ್ಪೇನಲ್ಲ. ನೂರಾರು ಬಿಡಿಭಾಗಗಳಿರುವ ಎಂಜಿನ್ನಿನ ಬಿಡಿಸಿಟ್ಟ ಚಿತ್ರದಲ್ಲಿ ಹೆಸರುಗಳಿಗೆ ಜಾಗವೇ ಇರುವುದಿಲ್ಲ. ಅಲ್ಲಿ ವೃತ್ತದೊಳಗಿನ ಅಂಕಿಯೂ ಪಕ್ಕದ ಪಟ್ಟಿಯೂ ಬೇಕು. ಅಂಕಿಗಳು ಚಿತ್ರದ ಸುತ್ತ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಏರುತ್ತ ಹೋದರೆ ಹುಡುಕಾಟ ತಪ್ಪುತ್ತದೆ. ಪೇಟೆಂಟ್ ಚಿತ್ರಗಳಲ್ಲಿ ಹೆಸರಿನ ಬದಲು ಅಂಕಿ, ಅಕ್ಷರ ಬಳಸುವುದು ಬರಿಯ ಅನುಕೂಲವಲ್ಲ, ಕಾನೂನು. ಭಾರತದ ಪೇಟೆಂಟ್ ನಿಯಮಗಳಂತೆ ಪ್ರವಾಹನಕ್ಷೆಯ ಹೊರತು ಉಳಿದ ಚಿತ್ರಗಳಲ್ಲಿ ವಿವರಣೆಯ ಮಾತು ಇರಕೂಡದು. ಅಂತರರಾಷ್ಟ್ರೀಯ ಅರ್ಜಿಗಳಲ್ಲಿ ಅಂಕಿ, ಅಕ್ಷರಗಳ ಎತ್ತರ ಕನಿಷ್ಠ 0.32 ಸೆಂ.ಮೀ. ಇರಬೇಕು, ಒಂದು ಭಾಗಕ್ಕೆ ಕೊಟ್ಟ ಅಂಕಿ ಎಲ್ಲ ಚಿತ್ರಗಳಲ್ಲೂ ಅದೇ ಆಗಿರಬೇಕು. ಎಲೆಕ್ಟ್ರಾನಿಕ್ ಮಂಡಲದಲ್ಲಿ ನಕ್ಷೆಯ ‘ಆರ್1’, ‘ಸಿ4’ ಎಂಬ ಗುರುತುಗಳನ್ನು ಬೋರ್ಡಿನ ಮೇಲೂ ಮುದ್ರಿಸುವುದರಿಂದ, ದುರಸ್ತಿ ಮಾಡುವವರು ಕಾಗದದಲ್ಲಿ ಕಂಡ ರೆಸಿಸ್ಟರನ್ನು ಬೋರ್ಡಿನಲ್ಲಿ ನೇರವಾಗಿ ಮುಟ್ಟಬಲ್ಲರು.

ಗುರುತನ್ನು ಭಾಗಕ್ಕೆ ಜೋಡಿಸುವ ಸೂಚಕ ಗೆರೆಗೆ ಎಂಜಿನಿಯರಿಂಗ್ ಚಿತ್ರಕಲೆಯ ಐಎಸ್‌ಓ 128 ಮಾನಕದಲ್ಲಿ ಖಚಿತ ನಿಯಮವಿದೆ. ಗೆರೆ ವಸ್ತುವಿನ ಒಳಗೆ ಮುಗಿದರೆ ತುದಿಯಲ್ಲಿ ಚುಕ್ಕೆ; ಅಂಚಿನ ಮೇಲೆ ಮುಗಿದರೆ ಬಾಣ; ಅಳತೆಯ ಗೆರೆಯ ಮೇಲೆ ಮುಗಿದರೆ ಎರಡೂ ಇಲ್ಲ. ತೋರಿಸುತ್ತಿರುವುದು ಮೇಲ್ಮೈಯನ್ನೋ ಅಂಚನ್ನೋ ಎಂಬ ಗೊಂದಲ ಇಷ್ಟರಿಂದಲೇ ಕಳೆಯುತ್ತದೆ. ಸೂಚಕ ಗೆರೆಗಳು ಒಂದನ್ನೊಂದು ದಾಟಬಾರದು, ಛೇದನೋಟದ ಓರೆಗೀರುಗಳಿಗೆ ಸಮಾಂತರವಾಗಿ ಸಾಗಿ ಅವುಗಳಲ್ಲಿ ಕರಗಿಹೋಗಲೂಬಾರದು. ಅಕ್ಷರದ ಎತ್ತರಗಳೂ 2.5, 3.5, 5, 7 ಮಿ.ಮೀ. ಎಂದು ಗೊತ್ತಾಗಿವೆ. ಪ್ರತಿ ಹೆಜ್ಜೆಯ ಅನುಪಾತ ಸುಮಾರು 1.4, ‘ಎ’ ಸರಣಿಯ ಕಾಗದದ ಅಳತೆಗಳೂ ಇದೇ ಅನುಪಾತದಲ್ಲಿರುವುದರಿಂದ, ಎ3 ಹಾಳೆಯನ್ನು ಎ4ಕ್ಕೆ ಕುಗ್ಗಿಸಿದರೆ 5 ಮಿ.ಮೀ. ಅಕ್ಷರ 3.5 ಮಿ.ಮೀ. ಆಗಿ ಮಾನಕದೊಳಗೇ ಉಳಿಯುತ್ತದೆ.

ಎಡ–ಬಲಗಳ ಗುರುತು ವಿಶೇಷ ಎಚ್ಚರ ಬೇಡುತ್ತದೆ. ಹೃದಯದ ಚಿತ್ರದಲ್ಲಿ ‘ಬಲ ಹೃತ್ಕರ್ಣ’ ನೋಡುವವರ ಎಡಗಡೆ ಇರುತ್ತದೆ, ಏಕೆಂದರೆ ಅಲ್ಲಿ ಲೆಕ್ಕ ದೇಹದ ಒಡೆಯನದು. ವಾಹನದ ಕೈಪಿಡಿಯಲ್ಲಿ ಎಡ ಎಂದರೆ ಚಾಲಕನ ಎಡ. ಯಾರ ದೃಷ್ಟಿಯಿಂದ ಎಂಬುದನ್ನು ಚಿತ್ರದಲ್ಲೇ ಹೇಳಬೇಕು.

ಬಣ್ಣವೊಂದನ್ನೇ ನೆಚ್ಚಿದ ಗುರುತು ಕೆಂಪು–ಹಸಿರುಗಳ ವ್ಯತ್ಯಾಸ ಕಾಣದವರಿಗೆ ನಿರುಪಯುಕ್ತ. ಕಪ್ಪುಬಿಳುಪು ಜೆರಾಕ್ಸ್‌ನಲ್ಲಿ ಅದು ಎಲ್ಲರಿಗೂ ನಿರುಪಯುಕ್ತವೇ. ಜಾಲತಾಣಗಳ ಸುಗಮ್ಯತೆಯ ಮಾನಕ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ವೈದೃಶ್ಯ ಕೇಳುತ್ತದೆ.

ಕನ್ನಡದಲ್ಲಿ ಕೆಲವು ಸಮಸ್ಯೆಗಳು ಲಿಪಿಯಿಂದಲೇ ಬರುತ್ತವೆ. ‘ಹೃತ್ಕುಕ್ಷಿ’ಯಂಥ ಪದದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಇಂಗ್ಲಿಷ್ ಮೂಲದ ಅಕ್ಷರಗಾತ್ರವನ್ನೇ ಉಳಿಸಿಕೊಂಡರೆ ಒತ್ತುಗಳು ಮಸಿಯ ಚುಕ್ಕೆಗಳಾಗುತ್ತವೆ ಅಥವಾ ಕೆಳಗಿನ ಗೆರೆಗೆ ತಾಗುತ್ತವೆ. ಸಣ್ಣ ಗಾತ್ರದಲ್ಲಿ ಅ–ಆ, ಬ–ಭ, ಹಾಗೆಯೇ ಕನ್ನಡ ಅಂಕಿಗಳಾದ ೬–೯ ಒಂದರಂತೆ ಇನ್ನೊಂದು ಕಾಣುವುದರಿಂದ, ಬಿಡಿ ಗುರುತುಗಳಿಗೆ 1, 2, 3 ಎಂಬ ಅಂಕಿಗಳೇ ಸುರಕ್ಷಿತ. ಹಳೆಯ ಯೂನಿಕೋಡೇತರ ಫಾಂಟುಗಳಲ್ಲಿ ಬರೆದ ಗುರುತು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಇದಕ್ಕೆ ಹೆದರಿ ಹೆಸರುಗಳನ್ನು ಚಿತ್ರದೊಳಗೇ ಬೆಸೆದುಬಿಟ್ಟರೆ ಅವುಗಳನ್ನು ಹುಡುಕಲೂ ತಿದ್ದಲೂ ಆಗದು, ಕುರುಡರ ಓದುತಂತ್ರಾಂಶಕ್ಕೂ ಅವು ಸಿಗವು. 2001ರಲ್ಲಿ ಜಾಲದ ಮಾನಕವಾದ ಎಸ್‌ವಿಜಿ ರೂಪದಲ್ಲಿ ಹೆಸರುಗಳನ್ನು ಯೂನಿಕೋಡ್ ಪಠ್ಯವಾಗಿಯೇ ಇಡಬಹುದು. ಅನುವಾದಕರು ಚಿತ್ರವನ್ನು ಮುಟ್ಟದೆ ಮಾತನ್ನಷ್ಟೇ ಬದಲಿಸಬಹುದು.