ಹೆಬ್ಬುಲಿ ಕಟ್ಟೂ ನನ್ನ ಚೌರಿ ಜಡಿಯೂ

ಹೋದ ವಾರ ನಮ್ಮ ಮನ್ಯಾಗ ಒಂದ ದೊಡ್ಡ ರಾಮಾಯಣ ಆತು. ನನ್ನ ತಂಗಿ ಮಗ ನಮ್ಮಲ್ಲೇ ಇದ್ದು ಒಂಬತ್ತನೇತ್ತಾ ಓದ್ತಾನ, ನಿಮಗೆಲ್ಲಾ ಗೊತ್ತೇ ಅದ. ರವಿವಾರ ಕಟಿಂಗ್ ಮಾಡಿಸ್ಕೊಂಡ ಬರ್ತೇನಿ ಅಂತ ರೊಕ್ಕಾ ಇಸ್ಕೊಂಡ ಹೋದಾಂವ, ಬಂದಾಗ ನೋಡಿದ್ರ ಕಿವಿ ಮ್ಯಾಲೆ ಎರಡೂ ಕಡೆ ಮಷೀನ್ ಹಚ್ಚಿ ಬೋಳು, ನಡುನೆತ್ತಿ ಮ್ಯಾಲೆ ಮಾತ್ರ ಬಣವಿ ಒಟ್ಟಿಧಂಗ ಕೂದ್ಲಾ. "ಇದೇನೋ ಇದು?" ಅಂದ್ರ "ಹೆಬ್ಬುಲಿ ಕಟ್, ಮೌಶಿ" ಅಂದ. ಮರುದಿನ ಸಾಲ್ಯಾಗ ಪ್ರಾರ್ಥನಾದ ಸಾಲಿನಿಂದ ಹೊರಗ ತಗದು, ತಲಿ ಸರಿ ಮಾಡಿಸ್ಕೊಂಡ ಬಾ ಅಂತ ಮನಿಗೆ ಕಳಿಸಿದ್ರು. ಬಂದವನ ಹೊದ್ದಕೊಂಡ ಮಲಗಿಬಿಟ್ಟ. ಸಾಲಿ ಬಿಡ್ತೇನಿ, ಕೂದ್ಲಾ ತಗಸೂದುಲ್ಲ ಅಂತ ಹಟಾ.

ನಮ್ಮ ಮನಿಯವರು ಪೇಪರ್ ಹಿಂದಿನಿಂದ "ನಮ್ಮ ಕಾಲಕ್ಕ ಇಂಥಾ ಥೇರೆಲ್ಲಾ ಇದ್ದಿಲ್ಲ" ಅಂದ್ರು. ನನಗ ನಗು ತಡೀಲಿಲ್ಲ. ಅವರ ಕಾಲೇಜಿನ ಫೋಟೋ ನನ್ನ ಕಪಾಟಿನಾಗನ ಅದ. ಅಮಿತಾಭ್ ಬಚ್ಚನ್ನನ ಹಂಗ ಎರಡೂ ಕಿವಿ ಮುಚ್ಚಿದ ಕೂದ್ಲಾ, ನೆಲಾ ಕಸಬರಗಿ ಹೊಡದಂಗ ಬೆಲ್‌ಬಾಟಂ!

ಈ ಹೆಬ್ಬುಲಿ ಕಟ್ಟಿನ ಇತಿಹಾಸ ಭಾಳ ಹಳೇದೇನಲ್ಲ. ಸುದೀಪನ 'ಹೆಬ್ಬುಲಿ' ಸಿನಿಮಾ ಬಂದದ್ದು 2017ರಾಗ. ಅದರಾಗಿನ ಅವನ ತಲಿ ನೋಡಿ ನಮ್ಮ ಕಡೆ ಹಳ್ಳಿಹಳ್ಳಿಯ ಹುಡುಗರು ಹುಚ್ಚಾದ್ರು. ಸಿನಿಮಾ ಹೋದ್ರೂ ಕಟಿಂಗ್ ಹೋಗಲಿಲ್ಲ. 2023ರಾಗ ಬಾಗಲಕೋಟೆ ಜಿಲ್ಲಾದ ಕುಲಹಳ್ಳಿ ಸರಕಾರಿ ಹೈಸ್ಕೂಲಿನ ಹೆಡ್‌ಮಾಸ್ತರರು ಊರಿನ ಕಟಿಂಗ್ ಅಂಗಡಿಯವರಿಗೇ ಪತ್ರಾ ಬರದ್ರು, ನಮ್ಮ ಹುಡುಗರಿಗೆ ಹೆಬ್ಬುಲಿ ಕಟಿಂಗ್ ಮಾಡಬ್ಯಾಡ್ರಿ, ಅವರ ಲಕ್ಷ್ಯ ಓದಿನ ಮ್ಯಾಲೆ ಇರವಲ್ತು ಅಂತ. ಪೇಪರಿನಾಗೆಲ್ಲಾ ಬಂದಿತ್ತು. ಹುಡುಗರು ಕೇಳೂದುಲ್ಲ ಅಂತ ಕತ್ರಿ ಹಿಡದವರನ್ನ ಕೇಳಿದ್ದು ನೋಡ್ರಿ! ನನಗ ಆ ಅಂಗಡಿಯವರದ ಚಿಂತಿ ಆತು. ಬಂದ ಗಿರಾಕಿ ಹೊಳ್ಳಿ ಕಳಿಸಿದ್ರ ಅವರ ಹೊಟ್ಟಿಗೇನು?

ಆದ್ರ ಕೂದ್ಲದ ಜಗಳಾ ಹೆಬ್ಬುಲಿಯಿಂದ ಸುರು ಆಗಿದ್ದಲ್ಲ. ನಮ್ಮ ಅಜ್ಜಾರ ಕಾಲಕ್ಕ ಮುಂದ ಬೋಳಿಸಿ ಹಿಂದ ಶೆಂಡಿ ಬಿಡೂದ ಮರ್ಯಾದಿ. ಅಜ್ಜಾರು ಮ್ಯಾಟ್ರಿಕ್ ಓದ್ಲಿಕ್ಕೆ ಧಾರವಾಡಕ್ಕ ಹೋದ್ರು, ಅಲ್ಲೆ ಶೆಂಡಿ ತಗಸಿ ಕ್ರಾಪ್ ಬಿಟ್ರು. ದೀಪಾವಳಿ ಸೂಟಿಗೆ ಬರೂಮುಂದ ಟೊಪಿಗಿ ಹಾಕ್ಕೊಂಡ ಬಂದಿದ್ರಂತ. ಎಣ್ಣಿ ಹಚ್ಚಲಿಕ್ಕೆ ಅವರವ್ವ ಟೊಪಿಗಿ ತಗದಾಗ ಗುಟ್ಟು ರಟ್ಟಾತು. ಹಬ್ಬ ಮುಗಿಯೂತನಕಾ ಅವರಿಗೆ ಎಲಿ ಹಾಕಿದ್ದು ಪಡಸಾಲ್ಯಾಗ, ಅಡಗಿ ಮನಿ ಹೊಸ್ತಲಾ ದಾಟಿಸಲಿಲ್ಲ. ಈಗ ಮಾಸ್ತರರು 'ಶಿಸ್ತಿನ ಕಟಿಂಗ್' ಅಂತಾರಲ್ಲ, ಅದ ಅವತ್ತು ಹುಡುಗ ಕೆಟ್ಟಾ ಅನ್ನೂದಕ್ಕ ಗುರ್ತು. ಅದ ಮನ್ಯಾಗ ಅಜ್ಜಾರ ಸೋದರತ್ತಿ ಇದ್ರು. ಹದಿನಾರಕ್ಕ ಗಂಡ ಹೋಗಿ, ತಲಿ ಬೋಳಿಸಿ ಕೆಂಪು ಸೀರಿ ಉಡಿಸಿದ್ರು. ಆಕಿಗೆ ಯಾರೂ ಏನೂ ಕೇಳಲಿಲ್ಲ. ಅಜ್ಜಾರ ಕ್ರಾಪಿಗೆ ಊರೆಲ್ಲಾ ಮಾತಾಡ್ತು, ಆಕಿ ತಲಿಗೆ ಯಾರೂ ಮಾತಾಡಲಿಲ್ಲ.

ನಮ್ಮ ಅವ್ವನ ಪಾಳಿಗೆ ಬಂದದ್ದು ಸಾಧನಾ ಕಟ್. 1960ರಾಗ 'ಲವ್ ಇನ್ ಸಿಮ್ಲಾ' ಬಂತು. ಸಾಧನಾನ ಹಣಿ ಅಗಲ ಕಾಣ್ತದ ಅಂತ ಡೈರೆಕ್ಟರ್ ಆರ್. ಕೆ. ನಯ್ಯರ್ ಹಾಲಿವುಡ್ಡಿನ ಆಡ್ರಿ ಹೆಪ್‌ಬರ್ನಳ ಹಂಗ ಮುಂದಿನ ಕೂದ್ಲಾ ಕತ್ತರಿಸಿ ಹಣಿ ಮ್ಯಾಲೆ ಬಿಡಿಸಿದ್ರು. ಒಬ್ಬಾಕಿ ಹಣಿ ಮುಚ್ಚಲಿಕ್ಕೆ ಮಾಡಿದ್ದು ದೇಶದ ಹುಡಿಗ್ಯಾರ ಹಣಿಗೆಲ್ಲಾ ಬಂತು. ಅವ್ವ ಅಡಗಿ ಮನಿ ಕತ್ರಿಲೇ ತಾನ ಕತ್ತರಿಸ್ಕೊಂಡ್ಲಂತ, ಸೊಟ್ಟ ಆತಂತ. ಕುಂಕುಮಾನ ಕಾಣವಲ್ತು ಅಂತ ಆಕಿ ಅವ್ವ ಬೈದು ಕೊಬ್ಬರೆಣ್ಣಿ ಹಚ್ಚಿ ಹಿಂದ ಬಾಚಿದ್ಲಂತ.

ಇನ್ನ ನನ್ನ ಕತಿ. ಇದನ್ನ ನಾನು ನಮ್ಮ ಅತ್ತಿಯವರಿಗೂ ಹೇಳಿದ್ದಿಲ್ಲ. ನಾ ಹೈಸ್ಕೂಲಿನಾಗ ಇದ್ದಾಗ ಎರಡು ಜಡಿ ಹಾಕಿ, ಮಡಚಿ, ರಿಬ್ಬನ್ ಕಟ್ಟಿರಲೇಬೇಕು ಅಂತ ನಿಯಮ. ಒಂಬತ್ತನೇತ್ತಾ ಇದ್ದಾಗ ನನಗ ಟೈಫಾಯ್ಡ್ ಆತು. ಜ್ವರಾ ಬಿಟ್ಟ ಮ್ಯಾಲೆ ಕೂದ್ಲಾ ಹಣಗಿಗೆ ಗುಡ್ಡಿ ಗುಡ್ಡಿ ಬರಲಿಕ್ಕತ್ತು. ಕಡೀಕೆ ಅವ್ವ ಗಿಡ್ಡಗ ಕತ್ತರಿಸಿದ್ಲು. ಸಾಲಿಗೆ ಹೋದ್ರ ಬಾಯಾರು "ಜಡಿ ಎಲ್ಲೆ? ಫ್ಯಾಷನ್ ಏನು?" ಅಂದ್ರು. ಜ್ವರಾ ಬಂದಿತ್ರಿ ಅಂದೆ. ಚೀಟಿ ತಾ ಅಂದ್ರು. ಚೀಟಿ ತರೂತನಕಾ ಎರಡು ದಿನಾ ಬಾಗಲದಾಗ ನಿಂತು ಪಾಠ ಕೇಳಿದೆ. ಆಯಿ ಸಂಕಟಾ ತಡೀಲಾರದ ತನ್ನ ಚೌರಿ ಎರಡು ಭಾಗ ಮಾಡಿ ನನ್ನ ಗಿಡ್ಡ ಕೂದ್ಲಕ್ಕ ಪಿನ್ನು ಹಚ್ಚಿ ಕಟ್ಟಿ ಕಳಿಸಿದ್ಲು. ಡ್ರಿಲ್ ಮಾಡೂಮುಂದ ಒಂದು ಜಡಿ ರಿಬ್ಬನ್ ಸಮೇತ ಮೈದಾನದಾಗ ಬಿತ್ತು. ಇಡೀ ಸಾಲಿ ನಕ್ತು. ಬಾಯಾರೂ ನಕ್ರು. ನಲವತ್ತು ವರ್ಷದ ಮಾತು, ಈಗೂ ರಿಬ್ಬನ್ ಕಂಡ್ರ ನನ್ನ ಕಿವಿ ಬಿಸಿ ಆಗ್ತಾವ.

ಅದಕ್ಕ ಜಪಾನಿನ ಆ ಹುಡುಗಿ ಸುದ್ದಿ ಓದಿದಾಗ ನನ್ನ ಕಣ್ಣಾಗ ನೀರು ಬಂದ್ವು. ಒಸಾಕಾ ಕಡೆಯ ಸರಕಾರಿ ಹೈಸ್ಕೂಲಿನ ಹುಡುಗಿ. ಕೂದ್ಲಕ್ಕ ಬಣ್ಣಾ ಹಚ್ಚಬಾರದು ಅಂತ ಅವರ ಸಾಲಿ ನಿಯಮ. ಹುಟ್ಟಾ ನನ್ನ ಕೂದ್ಲಾ ಕಂದು ಅಂತ ಆಕಿ ಹೇಳಿದ್ರೂ ಕೇಳದ, ಕರೇ ಬಣ್ಣಾ ಹಚ್ಚಿಕೊಂಡ ಬಾ ಅಂತ ಮತ್ತ ಮತ್ತ ಹಚ್ಚಿಸಿದ್ರು. ನೆತ್ತಿ ಉರದು ಗುಳ್ಳಿ ಎದ್ವು ಅಂತ ಆಕಿ 2017ರಾಗ ಕೋರ್ಟಿಗೆ ಹೋದ್ಲು. ಸಾಲಿಗೆ ಹೋಗೂದು ನಿಂತಾಗ ಆಕಿ ಕುರ್ಚಿ ತಗದು, ಹಾಜರಿಯಿಂದ ಹೆಸರೂ ತಗದಿದ್ರು! 2021ರ ಫೆಬ್ರುವರಿದಾಗ ತೀರ್ಪು ಬಂತು. ಕೂದ್ಲದ ನಿಯಮ ಮಾಡೂದು ತಪ್ಪಲ್ಲ, ಕುರ್ಚಿ ಮತ್ತ ಹೆಸರು ತಗದದ್ದು ತಪ್ಪು ಅಂತ ಹೇಳಿ 3,30,000 ಯೆನ್ ಪರಿಹಾರಾ ಕೊಡಿಸಿದ್ರು. ಆಕಿ ಕೇಳಿದ್ದು ಅದರ ಆರೇಳು ಪಟ್ಟು. ಅಲ್ಲೆ 1980ರ ಸುಮಾರಿಗೆ ಸಾಲಿಗಳೊಳಗ ಹೊಡದಾಟ ಹೆಚ್ಚಾಗಿ ಇಂಥಾ ನಿಯಮ ಬಿಗಿ ಆಗಿದ್ವಂತ. 2022ರ ಏಪ್ರಿಲ್ಲಿನಿಂದ ಟೋಕಿಯೊದ ಸರಕಾರಿ ಹೈಸ್ಕೂಲಿನಾಗ ಕೂದ್ಲದ ಬಣ್ಣದ ನಿಯಮ ತಗದ್ರು. ಆದ್ರ ಆ ಹುಡುಗಿಯ ಸಾಲಿ ದಿನಾ ಹೋದ್ವಲ್ಲ.

ಮಂಗಳವಾರ ನಾನ ಸೆರಗು ಹೊದ್ದು ಸಾಲಿಗೆ ಹೋದೆ. "ಸರ್, ತಲಿ ಸರಿ ಮಾಡಸ್ತೇವಿ, ನಿಮ್ಮ ನಿಯಮಕ್ಕ ನಾ ಅಡ್ಡ ಬರೂದುಲ್ಲ. ಆದ್ರ ಅಲ್ಲೀತನಕಾ ಅವನ್ನ ಒಳಗ ಕೂಡಿಸ್ಕೊಳ್ರಿ, ಹೊರಗ ನಿಲ್ಲಸಬ್ಯಾಡ್ರಿ" ಅಂದೆ. ಮಾಸ್ತರರು ಸ್ವಲ್ಪ ಹೊತ್ತು ಸುಮ್ಮಿದ್ದು, "ಆತ್ರಿ, ರವಿವಾರದ ತನಕಾ ಹಿಂದಿನ ಬೆಂಚಿನಾಗ ಕೂಡಲಿ" ಅಂದ್ರು.

ಸಂಜಿಕ್ಕೆ ಹುಡುಗಗ ನನ್ನ ಕತಿ ಹೇಳಿದೆ. ಅವಾ ನಕ್ಕಿಲ್ಲ. "ಮೌಶಿ, ಆ ಚೌರಿ ಇನ್ನೂ ಅದ ಏನು?" ಅಂದ. ಆಯಿಯ ಟ್ರಂಕಿನ ತಳದಾಗಿಂದ ತಗದು ತೋರಿಸಿದೆ, ಅರ್ಧಾ ಆದ ಚೌರಿ. ಮತ್ತೊಂದು ಅರ್ಧಾ ನಾ ಮೈದಾನದಿಂದ ಎತ್ತಿಕೊಂಡ ಬಂದಿದ್ದೇ ಇಲ್ಲ.